ಅಮೆರಿಕದ ಕಾಲೇಜುಗಳ ಫ್ರಟರ್ನಿಟಿ, ಸೊರೊರಿಟಿಗಳೆಂಬ ವಿದ್ಯಾರ್ಥಿ ಸಂಘಗಳಲ್ಲಿ ಬಿಳಿಯರು ಮತ್ತು ಕಪ್ಪು ವರ್ಣೀಯರು ಇಂದಿಗೂ ಬಹುಮಟ್ಟಿಗೆ ಬೇರೆಬೇರೆಯಾಗಿರುವುದೇಕೆ?

ಹುಡುಗರ ಫ್ರಟರ್ನಿಟಿಯಾಗಲಿ, ಹುಡುಗಿಯರ ಸೊರೊರಿಟಿಯಾಗಲಿ, ಹೊಸಬರನ್ನು ಆರಿಸುವವರು ವಿಶ್ವವಿದ್ಯಾಲಯದವರಲ್ಲ, ಸಂಘದ ಸದಸ್ಯರೇ. ಒಡಕು ಉಳಿದುಬಂದಿರುವುದು ಮುಖ್ಯವಾಗಿ ಈ ಕಾರಣದಿಂದ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಹಲವು ಸಂಘಗಳ ನಿಯಮಾವಳಿಯಲ್ಲೇ ಸದಸ್ಯತ್ವ ಬಿಳಿಯ ಕ್ರೈಸ್ತರಿಗೆ ಮಾತ್ರ ಎಂದು ಬರೆದಿತ್ತು. ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಫೈ ಆಲ್ಫಾ ಎಂಬ ಫ್ರಟರ್ನಿಟಿಯನ್ನೂ, ವಿದ್ಯಾರ್ಥಿನಿಯರು 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಎಂಬ ಸೊರೊರಿಟಿಯನ್ನೂ (ಕಮಲಾ ಹ್ಯಾರಿಸ್ ಇದರ ಸದಸ್ಯೆ) ಕಟ್ಟಿಕೊಂಡರು. ಎರಡು ಕಡೆಯವರೂ ತಮ್ಮತಮ್ಮವರನ್ನೇ ಸೇರಿಸಿಕೊಂಡರೆಂದು ಇವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ; ಒಂದು ಮುಚ್ಚಿದ ಬಾಗಿಲಾದರೆ, ಇನ್ನೊಂದು ಆ ಬಾಗಿಲ ಹೊರಗೆ ಹಾಕಿಕೊಂಡ ಚಪ್ಪರ.

ನಿಯಮ ಅಳಿದರೂ ರೂಢಿ ಅಳಿಯಲಿಲ್ಲ. 2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ದಿ ಕ್ರಿಮ್ಸನ್ ವೈಟ್, ಅರ್ಹಳಾದ ಕಪ್ಪು ಯುವತಿಯೊಬ್ಬಳನ್ನು ಸೊರೊರಿಟಿಗಳು ಕೈಬಿಟ್ಟದ್ದನ್ನೂ, ಅದರ ಹಿಂದೆ ಹಳೆಯ ವಿದ್ಯಾರ್ಥಿನಿಯರ ಒತ್ತಡವಿತ್ತೆಂದು ಸದಸ್ಯೆಯರೇ ಹೇಳಿದ್ದನ್ನೂ ಪ್ರಕಟಿಸಿತು. ಕ್ಯಾಂಪಸ್ಸಿನಲ್ಲಿ ಪ್ರತಿಭಟನೆ ನಡೆದು, ಸೇರ್ಪಡೆಗೆ ಮತ್ತೆ ಅವಕಾಶ ತೆರೆಯಿತು. ಇನ್ನು ಶುಲ್ಕ, ಉಡುಗೆಯ ಖರ್ಚು, ಹಲವು ಸಂಘಗಳು ಈಚೆಗೆ ಕೈಬಿಟ್ಟಿರುವ ಹಳೆಯ ಸದಸ್ಯೆಯರ ಶಿಫಾರಸು ಪತ್ರ, ತಾಯಿಯೂ ಅದೇ ಸಂಘದವಳೆಂಬ ಆದ್ಯತೆ, ಇವೆಲ್ಲ ಬಣ್ಣದ ಮಾತೆತ್ತದೆಯೇ ಜನರನ್ನು ಸೋಸುತ್ತ ಬಂದಿವೆ. ಮನೆತನದಲ್ಲೇ ಮೊದಲಿಗಳಾಗಿ ಕಾಲೇಜಿನ ಮೆಟ್ಟಿಲು ಹತ್ತಿದವಳಿಗೆ, ಅವಳು ಯಾವ ಬಣ್ಣದವಳೇ ಆಗಿರಲಿ, ಅಂಥ ಪತ್ರ ಬರೆದುಕೊಡುವವರು ಸುಲಭವಾಗಿ ಸಿಗುತ್ತಿರಲಿಲ್ಲ.