ಬಂಗುಡೆ ತಿಂದರೆ ಮೈಯೆಲ್ಲ ಗಂಧೆ: ಮೀನನ್ನೇ ಬಿಡಬೇಕಾ?

ಪ್ರಶ್ನೆ: ನಮ್ಮದು ಅಂಕೋಲಾ. ನನಗೆ 34 ವರ್ಷ. ಬಂಗುಡೆ ತಿಂದ ಅರ್ಧ ಗಂಟೆಗೆ ಕೆಲವೊಮ್ಮೆ ಮುಖ ಕೆಂಪಾಗಿ ಮೈಯೆಲ್ಲ ಗಂಧೆ ಏಳುತ್ತದೆ, ತಲೆ ಸಿಡಿಯುತ್ತದೆ. ಸಂಜೆಗೆ ತಾನಾಗಿ ಇಳಿಯುತ್ತದೆ. ಹೋದ ಸಲ ಮಗನಿಗೂ ಹಾಗೇ ಆಯಿತು. ಎಷ್ಟೋ ಸಲ ಅದೇ ಬಂಗುಡೆ ತಿಂದರೂ ಏನೂ ಆಗುವುದಿಲ್ಲ. ಸಿಗಡಿ, ನೊಗಲಿ (ಕಾಣೆ) ತಿಂದರೆ ತೊಂದರೆಯೇ ಇಲ್ಲ. "ಬಂಗುಡೆ ನಂಜು, ಮೀನೇ ಬಿಡು" ಅನ್ನುತ್ತಾರೆ ಅತ್ತೆ. ಮುರುಗಲು ನೀರು ಕುಡಿದರೆ ಸಾಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮಾತು ನನ್ನನ್ನು ಹಿಡಿದು ನಿಲ್ಲಿಸಿದವು: "ಕೆಲವೊಮ್ಮೆ" ಮತ್ತು "ಮಗನಿಗೂ". ಅಲರ್ಜಿ ಇದ್ದವರಿಗೆ ಸಾಮಾನ್ಯವಾಗಿ ತಿಂದಾಗಲೆಲ್ಲ ತೊಂದರೆ ಆಗುತ್ತದೆ. ಮೀನಿನ ಅಲರ್ಜಿ ತರುವ ಪಾರ್ವಾಲ್ಬುಮಿನ್ ಎಂಬ ಪ್ರೋಟೀನು ಬಹುತೇಕ ಎಲ್ಲ ಮೀನುಗಳಲ್ಲೂ ಇದೆ. ಹಾಗಾಗಿ ನೊಗಲಿಯೂ ಕಾಡಬಹುದಿತ್ತು. ಒಂದೇ ಸಾರು ಉಂಡ ಇಬ್ಬರಿಗೂ ಗಂಧೆ ಎದ್ದಿದೆ ಅಂದರೆ ನನ್ನ ಅನುಮಾನ ಆ ದಿನದ ಮೀನಿನ ಮೇಲೆ.

ಬಂಗುಡೆ, ತಾರ್ಲೆ (ಬೂತಾಯಿ), ಟ್ಯೂನಾ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಐಸ್ ಇಲ್ಲದೆ ಬಿಸಿಲಲ್ಲಿ ಉಳಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತದೆ. ಅಲರ್ಜಿ ಆದಾಗ ನಮ್ಮ ಮೈಯೇ ಬಿಡುವ ವಸ್ತುವೂ ಇದೇ. ಅದಕ್ಕೇ ಅಲರ್ಜಿ, ಈ ಮೀನಿನ ನಂಜು ಎರಡೂ ಥೇಟ್ ಒಂದೇ ಥರ ಕಾಣುತ್ತವೆ. ಒಮ್ಮೆ ಹಿಸ್ಟಮಿನ್ ಆಯಿತೆಂದರೆ ಎಷ್ಟು ಕುದಿಸಿದರೂ, ಕರಿದರೂ, ಉಪ್ಪು ಹಾಕಿ ಒಣಗಿಸಿದರೂ ಹೋಗುವುದಿಲ್ಲ. ಅಂಥ ಮೀನಿನ ಕಿವಿರು ತಾಜಾ ಮೀನಿನಂತೆ ಕೆಂಪಗಿರಬಹುದು, ವಾಸನೆಯೂ ಬರದೇ ಇರಬಹುದು. ಅತ್ತೆಯ "ನಂಜು" ಅನ್ನುವ ಮಾತನ್ನು ತಳ್ಳಿಹಾಕಬೇಡಿ. ಅವರು ಕಣ್ಣಾರೆ ಕಂಡು ಹೇಳಿದ್ದು ಅದು.

ಈಗ ಏನು ಮಾಡುವುದು? ಅಲರ್ಜಿ ತಜ್ಞರಿಗೆ ಒಮ್ಮೆ ತೋರಿಸಿ, ಚರ್ಮದ ಪರೀಕ್ಷೆ ಮಾಡುತ್ತಾರೆ. ಅಲ್ಲಿಯವರೆಗೆ ಇಬ್ಬರೂ ಬಂಗುಡೆ, ತಾರ್ಲೆ ಬಿಡಿ. ಒಣಮೀನೂ ಬೇಡ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ನಮ್ಮ ಕಡೆ ಅದರ ಬಳಕೆ ಜಾಸ್ತಿ ಅಲ್ವಾ, ಅದಕ್ಕೇ ಹೇಳಿದೆ. ನೊಗಲಿ, ಸಿಗಡಿ ಉಣ್ಣಿ. ಬೆಳೆಯುವ ಮಗುವಿನ ತಟ್ಟೆಯಿಂದ ಸುಮ್ನೆ ಎಲ್ಲ ಮೀನು ತೆಗೆಯಬೇಡಿ.

ಒಂದು ನೋಟ್‌ಬುಕ್ ಇಡಿ. ಹಿಂದಿನ ಸಲದ್ದು ನೆನಪಿದ್ದಷ್ಟು ಬರೆಯಿರಿ: ಮೀನು ಎಷ್ಟು ಗಂಟೆಗೆ ತಂದದ್ದು, ಬುಟ್ಟಿಯಲ್ಲಿ ಐಸ್ ಇತ್ತಾ, ಸಾರು ಅಂದಿನದಾ ಹಿಂದಿನ ರಾತ್ರಿಯದಾ, ಗಂಧೆ ಎದ್ದದ್ದು ಯಾವಾಗ. ವೈದ್ಯರಿಗೆ ಈ ಪುಟ ತುಂಬಾ ಸಹಾಯ ಮಾಡುತ್ತದೆ.

ಪರೀಕ್ಷೆಯಲ್ಲಿ ಅಲರ್ಜಿ ಇಲ್ಲ ಅಂತ ಬಂದರೆ ಬಂಗುಡೆ ಮತ್ತೆ ಒಲೆ ಏರಲಿ. ಬೆಳಿಗ್ಗೆ ದೋಣಿಯಿಂದ ಇಳಿದದ್ದೇ ಕೊಳ್ಳಿ. ಪೇಟೆಗೆ ಹೋಗುವಾಗಲೇ ಡಬ್ಬಿಯಲ್ಲಿ ಐಸ್ ಒಯ್ಯಿರಿ. ಬೇರೆ ಕೆಲಸ ಮೊದಲು ಮುಗಿಸಿ, ಮೀನು ಕೊನೆಗೆ ತೆಗೆದುಕೊಳ್ಳಿ. ತಂದ ಕೂಡಲೇ ಹಸನು ಮಾಡಿ ಫ್ರಿಜ್‌ನಲ್ಲಿಡಿ, 4 ಡಿಗ್ರಿಗಿಂತ ಕೆಳಗೆ.

ಮುರುಗಲು ನೀರು ಧಾರಾಳವಾಗಿ ಕುಡಿಯಿರಿ, ಆದರೆ ಅದನ್ನೇ ಔಷಧಿ ಅಂತ ನಂಬಿ ಕೂರಬೇಡಿ. ಉಸಿರು ಕಟ್ಟಿದರೆ, ನಾಲಿಗೆ ಅಥವಾ ಗಂಟಲು ಊದಿದರೆ, ತಲೆ ಸುತ್ತಿ ಬೀಳುವಂತಾದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ.