ಒಟಿಪಿ ಬರಲಿಲ್ಲ, ನಿದ್ದೆಯೂ ಬರಲಿಲ್ಲ

ಮಳೆಗಾಲದಲ್ಲಿ ಕೊಡಗಿನ ಸರ್ಕಾರಿ ವೈದ್ಯೆಯೊಬ್ಬರು ಸಲಹೆ ಕೇಳಿ ನನ್ನ ಹತ್ರ ಬಂದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ತಾಲ್ಲೂಕಿನ ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಮಾಡಿಸುವ ಹೊಣೆ ಅವರದ್ದು. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಬೆಳಗಿನ ಜಾವ ಎದ್ದು ಫೋನಲ್ಲಿ ಯಾವ ತಾಲ್ಲೂಕು ಎಷ್ಟು ತುಂಬಿಸಿದೆ ಅಂತ ತೋರಿಸುವ ಡ್ಯಾಶ್‌ಬೋರ್ಡ್ ನೋಡ್ತಾರೆ, ತಮ್ಮ ತಾಲ್ಲೂಕು ಕೆಳಗಿದ್ದರೆ ಆ ಹೊತ್ತಲ್ಲೇ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕ್ತಾರೆ.

"ನಾನೇ ಕೇಳಿ ತಗೊಂಡ ಕೆಲಸ ಮೇಡಂ" ಅಂದರು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದರು.

ಕೊರೆಯುತ್ತಿದ್ದದ್ದು ಒಂದು ಮೀಟಿಂಗ್. ಉಪಕೇಂದ್ರದ ಹಿರಿಯ ಸಿಸ್ಟರ್‌ಗೆ ಇವರು ಎಲ್ಲರೆದುರು "ನಿಮ್ಮದೇ ಯಾಕೆ ಬಾಕಿ?" ಅಂತ ಗದರಿದ್ದರು. ಆ ಸಿಸ್ಟರ್ ಮಾತಾಡದೆ ಚೀಲದಿಂದ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟರಂತೆ. ಪ್ಲಾಸ್ಟಿಕ್ ಸುತ್ತಿದ್ದರೂ ಅಂಚು ಮಳೆಗೆ ಉಬ್ಬಿತ್ತು. ಒಳಗೆ ಪ್ರತಿ ಬಸುರಿಯ ಹೆಸರು, ಬಿಪಿ, ಹಿಮೋಗ್ಲೋಬಿನ್, ಎಲ್ಲ ಇತ್ತು. ಆ್ಯಪ್‌ನಲ್ಲಿ ಮಾತ್ರ ಇರಲಿಲ್ಲ.

2021ರಲ್ಲಿ ದೇಶಾದ್ಯಂತ ಶುರುವಾದ ಡಿಜಿಟಲ್ ಆರೋಗ್ಯ ಮಿಷನ್‌ನಲ್ಲಿ ಒಬ್ಬೊಬ್ಬರಿಗೂ 14 ಅಂಕೆಯ ಆಭಾ ಸಂಖ್ಯೆ, ಅಂದರೆ ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತಿನ ಸಂಖ್ಯೆ. ಆಧಾರ್ ಮೂಲಕ ಅದನ್ನು ಮಾಡಿಸುವಾಗ ಒಟಿಪಿ ಹೋಗೋದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ತೋಟದ ಲೈನ್‌ಮನೆಗೆ ದೂರದಿಂದ ಬಂದವರಲ್ಲಿ ಆ ನಂಬರ್ ಊರಲ್ಲಿರುವ ಅಣ್ಣನದ್ದು, ಇಲ್ಲವೇ ಎಂದೋ ಬಿಸಾಕಿದ ಸಿಮ್ಮಿನದ್ದು. ಜುಲೈನಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತೆ. ಇದು ಸಿಸ್ಟರ್ ಸೋಮಾರಿತನ ಅಲ್ಲ, ಅಲ್ವಾ?

"ಇದನ್ನೆಲ್ಲ ಮೇಲೆ ಹೇಳಿದರೆ ನನ್ನನ್ನೇ ಕೈಲಾಗದವಳು ಅಂದ್ಕೋತಾರೆ" ಅಂದರು. ಗಂಟು ಇದ್ದದ್ದು ಇಲ್ಲಿ. ಆ ಭಯವನ್ನೇ ದಿನಾ ರಾತ್ರಿ ಕೆಳಗಿನವರ ಮೇಲೆ ಹಾಕ್ತಿದ್ದರು.

ನಾನು ಹೇಳಿದ್ದು ಇಷ್ಟು. ರಾತ್ರಿ ಎಂಟರ ಮೇಲೆ ಗ್ರೂಪಿಗೆ ಮೆಸೇಜ್ ಬೇಡ, ಫೋನ್ ಮಲಗುವ ಕೋಣೆಯ ಹೊರಗಿರಲಿ. ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ರೋಗಿಗಳಿಗೆ ನೀವೇ ಕೊಡುವ ನಂಬರ್, ನಿಮಗೂ ಅದು ಸಲ್ಲುತ್ತೆ. ಗದರಿದ್ದು ಎಲ್ಲರೆದುರು, ಹಾಗಾಗಿ ಕ್ಷಮೆ ಕೇಳೋದೂ ಎಲ್ಲರೆದುರೇ. ಅದಕ್ಕೂ ಮೊದಲು ಒಂದು ದಿನ ಆ ಸಿಸ್ಟರ್ ಜೊತೆ ಓಡಾಡಿ, ಏನೂ ತಿದ್ದಬೇಡಿ, ನೋಡಿ ಬರೆದುಕೊಳ್ಳಿ. ಅದನ್ನೇ ವರದಿ ಮಾಡಿ ಮೇಲೆ ಕಳಿಸಿ: ಆಭಾ ಕಡ್ಡಾಯವಲ್ಲ, ಅದಿಲ್ಲ ಅಂತ ಯಾರ ತಪಾಸಣೆಯೂ ನಿಲ್ಲಬಾರದು, ಒಂದೇ ಮಾಹಿತಿಯನ್ನು ಪುಸ್ತಕದಲ್ಲೂ ಆ್ಯಪ್‌ನಲ್ಲೂ ಎರಡೆರಡು ಸಲ ಬರೆಯೋದು ತಪ್ಪಬೇಕು, ನೆಟ್‌ವರ್ಕ್ ಇರುವ ಕಡೆ ಕೂತು ತುಂಬಿಸಲು ವಾರಕ್ಕೊಂದು ದಿನ ಬೇಕು.

ಹದಿನೈದು ದಿನ ಬಿಟ್ಟು ಬಂದರು. ಹೋಗಿದ್ದರಂತೆ. ಸಿಸ್ಟರ್ ಬೆಲ್ಲದ ಕಾಫಿ ಕೊಟ್ಟು, ಶಾಲೆ ಹಿಂದಿನ ದಿಣ್ಣೆಗೆ ಕರೆದುಕೊಂಡು ಹೋದರಂತೆ. ಸಿಗ್ನಲ್ ಸಿಗೋದು ಅಲ್ಲಿ ಮಾತ್ರ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್ ಹಿಡಿದು ಇಬ್ಬರೂ ನಾಲ್ಕು ಹೆಸರು ತುಂಬಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ವರದಿಯ ಮೊದಲ ಸಾಲಿನಲ್ಲಿದೆ. ಈಗ ಐದು ಗಂಟೆ ನಿದ್ದೆ ಬರುತ್ತಿದೆ. ಮುಂದಿನ ತಿಂಗಳು ಮತ್ತೆ ಬರ್ತಾರೆ.