ಅಮ್ಮ ಏಳುವವರೆಗೆ ಎಚ್ಚರ: ಜರ್ಮನಿಯಲ್ಲಿ ಓದುವ ಹುಡುಗನ ಪ್ರಕರಣ

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಹುಡುಗನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮಧು ಅನ್ನುವುದು ನಾನಿಟ್ಟ ಹೆಸರು.

ಮಧುವಿಗೆ 24 ವರ್ಷ. ಚಿತ್ರದುರ್ಗ ಜಿಲ್ಲೆಯವನು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಪೀಣ್ಯದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಜರ್ಮನಿಯ ಸ್ಯಾಕ್ಸನಿ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಮಾಸ್ಟರ್ಸ್ ಮಾಡಲು ಹೋಗಿದ್ದ. ಹೋಗಿದ್ದು ಅಕ್ಟೋಬರಿನಲ್ಲಿ. ನನ್ನ ಹತ್ತಿರ ಆನ್‌ಲೈನಿನಲ್ಲಿ ಮಾತಾಡಲು ಬಂದಿದ್ದು ಮಾರ್ಚ್‌ನಲ್ಲಿ, ಮೊದಲ ಸೆಮಿಸ್ಟರಿನ ಫಲಿತಾಂಶ ಕೈಗೆ ಬಂದ ಮೇಲೆ. ಬರೆದ ನಾಲ್ಕರಲ್ಲಿ ಎರಡು ಫೇಲ್. ಮನೆಯಲ್ಲಿ ಹೇಳಿರಲಿಲ್ಲ.

ಬಂದವನೇ ಕೇಳಿದ್ದು ಟೈಮ್‌ಟೇಬಲ್. "ಮೇಡಂ, ಓದು, ಪಾರ್ಟ್ ಟೈಮ್ ಕೆಲಸ, ಫ್ರೆಂಡ್ಸು ಮೂರನ್ನೂ ಬ್ಯಾಲೆನ್ಸ್ ಮಾಡೋಕೆ ಆಗ್ತಿಲ್ಲ. ಒಂದು ಪ್ಲ್ಯಾನ್ ಹಾಕ್ಕೊಡಿ." ಅವನ ಗೋಡೆ ಮೇಲೆ ಆಗಲೇ ಒಂದು ಬಣ್ಣಬಣ್ಣದ ಟೈಮ್‌ಟೇಬಲ್ ಅಂಟಿತ್ತು. ಕ್ಯಾಮೆರಾದಲ್ಲಿ ನನಗೇ ಕಾಣಿಸುತ್ತಿತ್ತು. ಇನ್ನೊಂದು ಹಾಕಿಕೊಡುವ ಬದಲು, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದೆ ಹೇಳು ಅಂದೆ.

ಎದ್ದಿದ್ದು ಹನ್ನೊಂದೂವರೆಗೆ. ಬೆಳಗಿನ ಕ್ಲಾಸು ಆಗಲೇ ಮುಗಿದಿತ್ತು. ಬ್ರೆಡ್ಡು, ಆಮೇಲೆ ಮ್ಯಾಗಿ. ಸಂಜೆ ಬೆಂಗಳೂರಿನ ಹಳೇ ಗೆಳೆಯರ ವಾಟ್ಸಾಪ್ ಗುಂಪು. ರಾತ್ರಿ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತಿದ್ದು. ಒಂದು ಗಂಟೆಗೆ ಅಮ್ಮನ ಜೊತೆ ವಿಡಿಯೊ ಕಾಲ್. ಮಲಗಿದ್ದು ಮೂರಕ್ಕೆ.

"ರಾತ್ರಿ ಒಂದು ಗಂಟೆಗಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಮ್ಮ ಐದೂವರೆಗೆ ಏಳ್ತಾರೆ ಮೇಡಂ. ಅವರು ಎದ್ದ ತಕ್ಷಣ ಮಾತಾಡಿದ್ರೆ ಸಮಾಧಾನ."

ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಮ್ಮ ಫೋನನ್ನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಕ್ಕೆ ಒರಗಿಸಿಡುತ್ತಿದ್ದರು. ಮಾತು ಜಾಸ್ತಿ ಇರುತ್ತಿರಲಿಲ್ಲ. ಅವರು ಬಾಗಿಲಿಗೆ ನೀರು ಹಾಕಿ ಬರುವುದು, ಹಾಲು ಕಾಯಿಸುವುದು, ಹಿಂದೆ ಅಪ್ಪನ ಕೆಮ್ಮು, ಇಷ್ಟನ್ನೇ ಅವನು ನೋಡುತ್ತಾ ಕೂರುತ್ತಿದ್ದ. ಕಾಲ್ ಮುಗಿದ ಮೇಲೆ ಕೋಣೆ ಇನ್ನೂ ಖಾಲಿ ಅನಿಸುತ್ತಿತ್ತು. ನಿದ್ದೆ ಬಾರದೆ ರೀಲ್ಸ್ ನೋಡುತ್ತಿದ್ದ. ಅಮ್ಮನಿಗೋ ಮಗ ರಾತ್ರಿ ಒಂದು ಗಂಟೆವರೆಗೂ ಓದುತ್ತಾನೆ ಅಂತ ಹೆಮ್ಮೆ. ನೆಂಟರಿಗೆಲ್ಲಾ ಹೇಳಿಕೊಂಡು ಬಂದಿದ್ದರಂತೆ.

ಅವನ ಕಷ್ಟದ ಬೇರು ನನಗೆ ಕಂಡಿದ್ದು ಇಲ್ಲೇ. ಮೈ ಜರ್ಮನಿಯಲ್ಲಿತ್ತು, ದಿನಚರಿ ಅಮ್ಮನ ಅಡುಗೆಮನೆಗೆ ಕಟ್ಟಿಕೊಂಡಿತ್ತು. ಡಿಸೆಂಬರಿನಲ್ಲಿ ಆ ಕಡೆ ಬೆಳಕಾಗುವುದೇ ಎಂಟಕ್ಕೆ, ನಾಲ್ಕಕ್ಕೆಲ್ಲಾ ಕತ್ತಲು. ಮಧ್ಯಾಹ್ನ ಎದ್ದವನಿಗೆ ಸಿಗುವ ಬೆಳಕು ಎಷ್ಟು? ಕ್ಲಾಸಿಗೆ ಹೋಗದಿದ್ದರೆ ಪಾಠ ಮಾತ್ರ ತಪ್ಪುವುದಿಲ್ಲ. ಪಕ್ಕದಲ್ಲಿ ಕೂರುವವನ ಪರಿಚಯ, ಕ್ಲಾಸು ಮುಗಿದ ಮೇಲೆ ಮೆನ್ಸಾದಲ್ಲಿ, ಅಂದರೆ ಅಲ್ಲಿನ ವಿದ್ಯಾರ್ಥಿ ಕ್ಯಾಂಟೀನಿನಲ್ಲಿ, ಒಟ್ಟಿಗೆ ಊಟ, ಎಲ್ಲವೂ ತಪ್ಪುತ್ತದೆ. ಪರಿಚಯದವರೇ ಇಲ್ಲದ ಊರಿನಲ್ಲಿ ಸಂಜೆಯಾದರೆ ಮನೆ ನೆನಪಾಗದೆ ಇನ್ನೇನು ಆಗುತ್ತದೆ? ಆಗ ಮತ್ತೆ ಫೋನು. ಅವನು ಮೂರು ಬೇರೆ ಬೇರೆ ತೊಂದರೆ ಅಂದುಕೊಂಡಿದ್ದು ನಿಜವಾಗಿ ಒಂದೇ ಸುತ್ತು.

ಟೈಮ್‌ಟೇಬಲಿಗಿಂತ ಮುಂಚೆ ಇನ್ನೊಂದು ವಿಷಯ ತಿಳಿಯಬೇಕಿತ್ತು. ಇದು ಬರೀ ಹೋಮ್‌ಸಿಕ್ ಆಗಿರುವುದಾ, ಖಿನ್ನತೆಗೆ ತಿರುಗಿದೆಯಾ? ಎರಡು ವಾರ ದಾಟಿದರೂ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟಪಡುತ್ತಿದ್ದ ಯಾವುದೂ ಬೇಡ ಅನಿಸಿದರೆ, ಜೊತೆಗೆ ಊಟ ನಿದ್ದೆ ಕೆಟ್ಟರೆ ವೈದ್ಯರನ್ನು ನೋಡಲೇಬೇಕು. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅಂತ ಅಪ್ಪ-ಅಮ್ಮಂದಿರು ಹೆದರುತ್ತಾರೆ. ಹಾಗಾಗುವುದಿಲ್ಲ. ಎಷ್ಟೋ ಸಲ ಕೇಳಿದ ಮೇಲೇ ಮಕ್ಕಳು ಬಾಯಿ ಬಿಡುವುದು. ಅಂಥ ಯೋಚನೆ ಇಲ್ಲ, ಬೆಳಗ್ಗೆ ಏಳೋದೇ ಬೇಡ ಅನಿಸುತ್ತೆ ಅಷ್ಟೇ ಅಂದ. ಗೆಳೆಯರ ಜೊತೆ ಇನ್ನೂ ನಗುತ್ತಿದ್ದ. ಕ್ರಿಕೆಟ್ ಸ್ಕೋರ್ ತಪ್ಪದೆ ನೋಡುತ್ತಿದ್ದ. ಅದು ಒಳ್ಳೆಯ ಲಕ್ಷಣ. ಹಾಗಿದ್ದರೂ ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆ, ಅಂದರೆ ಸ್ಟುಡೆಂಟೆನ್‌ವರ್ಕ್‌ನ ಆಪ್ತಸಲಹೆಗಾರರನ್ನು ಮುಖತಃ ಭೇಟಿ ಮಾಡಿಸಿದೆ. ದುಡ್ಡು ಕೊಡಬೇಕಿರಲಿಲ್ಲ, ಇಂಗ್ಲಿಷಿನಲ್ಲೇ ಮಾತಾಡಿದರು. ಇಲ್ಲಿ ಕೂತ ನಾನು ಅವನಿಗೆ ತುರ್ತಿಗೆ ಒದಗಲಾರೆ. ಜರ್ಮನಿಯ ತುರ್ತು ಸಂಖ್ಯೆ 112, ಹಗಲು ರಾತ್ರಿ ಉಚಿತವಾಗಿ ಸಿಗುವ ಟೆಲಿಫೋನ್‌ಜೇಲ್‌ಜೋರ್ಗೆ ಸಹಾಯವಾಣಿ 0800 111 0 111, ಎರಡನ್ನೂ ಫೋನಿನಲ್ಲಿ ಸೇವ್ ಮಾಡಿಸಿದೆ. ಅಲ್ಲಿ ಮಾತು ಹೆಚ್ಚಾಗಿ ಜರ್ಮನ್‌ನಲ್ಲೇ ಅನ್ನುವುದನ್ನೂ ಹೇಳಿದೆ. ಇಲ್ಲಿರುವ ತಂದೆ-ತಾಯಿಗೆ ಆತಂಕವಾದರೆ 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮೊದಲು ಕೈ ಹಾಕಿದ್ದು ಫೋನಿಗೆ. ಮನೆಗೆ ಫೋನ್ ಮಾಡುವುದು ಕಡಿಮೆ ಮಾಡು, ಅಲ್ಲಿನವರ ಜೊತೆ ಬೆರೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಸಲಹೆ ಇಷ್ಟವಿಲ್ಲ. ಮಾತಾಡಬೇಡ ಅಂದರೆ ಹಂಬಲ ಇನ್ನೂ ಜಾಸ್ತಿಯಾಗುತ್ತದೆ, ಮೇಲೆ ಅಮ್ಮನಿಗೆ ಮೋಸ ಮಾಡಿದ ಭಾವ ಬೇರೆ. ಹೊತ್ತು ಬದಲಾದರೆ ಸಾಕಿತ್ತು. ಅದೃಷ್ಟಕ್ಕೆ ಗಡಿಯಾರವೇ ಸಹಾಯಕ್ಕೆ ಬಂತು. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಮ್ಮ ಏಳುವ ಹೊತ್ತಿಗೆ ಅಲ್ಲಿ ರಾತ್ರಿ ಎರಡು. ಎರಡರವರೆಗೆ ಎದ್ದಿರುವುದು ಅವನಿಗೇ ಅತಿಯಾಯಿತು ಅನಿಸಿತು. ಬೆಳಗ್ಗೆ ಎಂಟೂವರೆಗೆ ಟ್ರಾಮ್ ಹತ್ತುವಾಗ ಹತ್ತು ನಿಮಿಷ ಕಾಲ್ ಮಾಡು ಅಂದೆ. ಆಗ ಇಲ್ಲಿ ಹನ್ನೆರಡು, ಅಮ್ಮ ಅಡುಗೆ ಮುಗಿಸಿರುತ್ತಾರೆ. ಭಾನುವಾರ ಮಾತ್ರ ಎಷ್ಟು ಹೊತ್ತು ಬೇಕಾದರೂ ಮಾತಾಡಲಿ. ಎಂಟೂವರೆಗೆ ಟ್ರಾಮಿನಲ್ಲಿರಬೇಕು ಅಂದರೆ ಏಳೂವರೆಗೆ ಏಳಲೇಬೇಕಲ್ಲ! ಅಲಾರಂಗೆ ಏಳದವನು ಅಮ್ಮನ ಕಾಲ್‌ಗೆ ಏಳುತ್ತಾನೆ ಅನ್ನುವುದು ನನ್ನ ಲೆಕ್ಕಾಚಾರ.

ಅಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು. ಅವನನ್ನು ಕೇಳಿಯೇ ಒಂದು ಸೆಷನ್‌ಗೆ ಅವರನ್ನೂ ಸೇರಿಸಿಕೊಂಡೆ. "ಬೆಳಗ್ಗೆ ಎದ್ದು ಅವನ ಮುಖ ನೋಡದಿದ್ರೆ ನನಗೆ ದಿನ ಶುರುವಾಗಲ್ಲ" ಅಂದರು. ಅವರ ಕಷ್ಟವೂ ನಿಜವೇ. ಒಬ್ಬನೇ ಮಗ. ಆ ಹೊತ್ತಿನಲ್ಲಿ ಅವನು ಓದುತ್ತಿಲ್ಲ, ನಿಮಗಾಗಿ ನಿದ್ದೆ ಕೆಡುತ್ತಿದ್ದಾನೆ ಅಂತ ಬಿಡಿಸಿ ಹೇಳಿದೆ. ಒಂದು ಗಳಿಗೆ ಏನೂ ಮಾತಾಡಲಿಲ್ಲ. ಆಮೇಲೆ ಮಗನಿಗೇ ಗದರಿದರು: "ಮಲ್ಕೊಳೋ, ಹನ್ನೆರಡಕ್ಕೇ ಮಾತಾಡೋಣ."

ಇನ್ನು ಓದು. ಇಲ್ಲಿಂದ ಹೋಗುವವರು ತಿಳಿದುಕೊಂಡಿರಬೇಕಾದ ವಿಷಯಗಳಿವೆ. ವಿಟಿಯುನಲ್ಲಿ 85 ಪರ್ಸೆಂಟ್ ಹಾಜರಾತಿ ಬೇಕು, ಇಂಟರ್ನಲ್ಸ್ ಇರುತ್ತವೆ, ಲೆಕ್ಚರರು ಬೈಯುತ್ತಾರೆ, ಮನೆಗೂ ಸುದ್ದಿ ಹೋಗಬಹುದು. ಜರ್ಮನಿಯಲ್ಲಿ ಎಷ್ಟೋ ಕ್ಲಾಸುಗಳಿಗೆ ಹಾಜರಾತಿಯೇ ಇಲ್ಲ. ಯಾಕೆ ಬರಲಿಲ್ಲ ಅಂತ ಕೇಳುವವರೂ ಇಲ್ಲ. ಹೆಚ್ಚಿನ ವಿಷಯಗಳಲ್ಲಿ ಕೊನೆಯ ಒಂದು ಪರೀಕ್ಷೆಯ ಮೇಲೇ ಪೂರ್ತಿ ಗ್ರೇಡು. ಅಲ್ಲಿ 1.0 ಅತಿ ಒಳ್ಳೆಯದು, 4.0 ಪಾಸು, 5.0 ಫೇಲು. ಸಾಮಾನ್ಯವಾಗಿ ಒಂದು ವಿಷಯಕ್ಕೆ ಮೂರು ಅವಕಾಶ. ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ, ವೀಸಾಕ್ಕೂ ಕುತ್ತು. ಮೊದಲ ತಿಂಗಳು ಅವನಿಗೆ ಈ ಸ್ವಾತಂತ್ರ್ಯ ಖುಷಿ ಕೊಟ್ಟಿತ್ತು. ಫೆಬ್ರವರಿಯಲ್ಲಿ ಅದೇ ಕೈ ಕೊಟ್ಟಿತು.

ಪಾಸಾದವರು ಏನು ಮಾಡಿದರು, ಕೇಳಿಕೊಂಡು ಬಾ ಅಂತ ಕೆಲಸ ಕೊಟ್ಟೆ. ಒಂದು ವಾರ ನಾಚಿಕೊಂಡ, ಆಮೇಲೆ ಕೇಳಿದ. ವಿದ್ಯಾರ್ಥಿಗಳದ್ದೇ ಸಮಿತಿ ಫಾಖ್‌ಶಾಫ್ಟ್‌ನಲ್ಲಿ ಹಳೇ ಪ್ರಶ್ನೆಪತ್ರಿಕೆ ಸಿಗುತ್ತವಂತೆ. ನಾಲ್ಕೈದು ಜನ ಸೇರಿ ವಾರಕ್ಕೊಮ್ಮೆ ಲೈಬ್ರರಿಯಲ್ಲಿ ಅವನ್ನು ಬಿಡಿಸುತ್ತಾರಂತೆ. ಇವನಿಗೆ ಎರಡೂ ಗೊತ್ತೇ ಇರಲಿಲ್ಲ, ಹೇಳುವವರು ಕ್ಲಾಸಿನಲ್ಲಿ ಸಿಗುತ್ತಿದ್ದರು, ಇವನು ಅಲ್ಲಿ ಇರುತ್ತಿರಲಿಲ್ಲ. ಓದು ಒಂದು ಕಡೆ, ಗೆಳೆತನ ಇನ್ನೊಂದು ಕಡೆ ಅಂತ ಇಬ್ಭಾಗ ಮಾಡಿಕೊಂಡು ಬ್ಯಾಲೆನ್ಸ್ ಮಾಡಲು ಹೊರಟರೆ ಎರಡಕ್ಕೂ ಹೊತ್ತು ಸಾಲುವುದಿಲ್ಲ. ಆ ಓದುವ ಗುಂಪು ಸೇರಿದ್ದೇ ಅವನಿಗೆ ಎರಡೂ ಆಯಿತು. ಅಲ್ಲಿ ಸಿಕ್ಕಿದ್ದು ಒಬ್ಬ ವಿಯೆಟ್ನಾಂ ಹುಡುಗ, ಇಬ್ಬರು ತೆಲುಗಿನವರು, ಒಬ್ಬಳು ಜರ್ಮನ್ ಹುಡುಗಿ.

ಜರ್ಮನ್ ಗೆಳೆಯರಿಲ್ಲ, ಬರೀ ಇಂಡಿಯನ್ಸ್ ಜೊತೆಗೇ ಇರ್ತೀನಿ ಅಂತ ಅವನಿಗೆ ಒಂದು ಕೀಳರಿಮೆ ಇತ್ತು. ಅದನ್ನು ಬಿಟ್ಟುಬಿಡು ಅಂದೆ. ಪರದೇಶದಲ್ಲಿ ನಮ್ಮವರ ಜೊತೆ ಬಿಸಿಬೇಳೆಬಾತ್ ತಿಂದರೆ ಯಾರ ಬೆಳವಣಿಗೆಯೂ ನಿಲ್ಲುವುದಿಲ್ಲ. ಫ್ರಾಂಕ್‌ಫರ್ಟ್ ಕಡೆಯಾಗಲಿ ಮ್ಯೂನಿಕ್‌ನಲ್ಲಾಗಲಿ ಇದ್ದಿದ್ದರೆ ಕನ್ನಡ ಸಂಘಕ್ಕೇ ಹೋಗು ಅನ್ನುತ್ತಿದ್ದೆ. ಪಾರ್ಟಿಗೆ ಕರೆದರೆ ಬಿಯರ್ ಕುಡಿಯಬೇಕಾಗುತ್ತೆ ಅಂತ ತಪ್ಪಿಸಿಕೊಳ್ಳುತ್ತಿದ್ದ. ಹೋಗಿ ಆಪಲ್ ಜ್ಯೂಸ್ ಸೋಡಾ ಹಿಡಿದುಕೊಂಡು ಒಂದು ಗಂಟೆ ನಿಂತು ಬಾ, ಯಾರೂ ಕೇಳುವುದಿಲ್ಲ ಅಂದೆ. ಅವನಿಗೆ ಅದು ಕೊನೆಗೂ ಹಿಡಿಸಲಿಲ್ಲ. ಹಿಡಿಸಿದ್ದು ವಾಲಿಬಾಲ್. ಊರಿನಲ್ಲಿ ತಾಲ್ಲೂಕು ಮಟ್ಟಕ್ಕೆ ಆಡಿದವನು. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಕಡಿಮೆ ಫೀಸಿಗೆ ಹೆಸರು ಕೊಡಬಹುದು. ಆಡಲು ಜರ್ಮನ್ ವ್ಯಾಕರಣ ಬೇಕಿಲ್ಲ, ಮಾತು ಸಾಲದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತವೆ, ಬೀದಿ ಬಿಕೋ ಅನ್ನುತ್ತದೆ. ಊರಿನ ನೆನಪು ಹೆಚ್ಚು ಕಾಡುವುದು ಅವತ್ತೇ. ಅಡುಗೆ ಮಾಡು ಅಂದಾಗ ಒಂದು ವಿಷಯ ಹೊರಬಿತ್ತು. ಅಮ್ಮ ಕೊಟ್ಟ ಸಾರಿನ ಪುಡಿ ಸೂಟ್‌ಕೇಸಿನಲ್ಲೇ ಇತ್ತು, ಟೇಪ್ ಕೂಡ ಕಿತ್ತಿರಲಿಲ್ಲ. "ಖಾಲಿಯಾಗಿಬಿಟ್ರೆ ಅಂತ ಭಯ ಮೇಡಂ." ಖಾಲಿಯಾದರೆ ಪಾರ್ಸೆಲ್ ಬರುತ್ತದೆ, ಹಳಸಿದರೆ ಬಿಸಾಡಬೇಕಾಗುತ್ತದೆ ಅಂದೆ. ನಕ್ಕ. ಆ ಭಾನುವಾರ ತೆಲುಗು ಹುಡುಗರನ್ನು ಕರೆದು ಸಾರು ಮಾಡಿದ. ಉಪ್ಪು ಜಾಸ್ತಿಯಾಗಿತ್ತಂತೆ. ಸೆಮಿಸ್ಟರ್ ಟಿಕೆಟ್ ಇದ್ದುದರಿಂದ ರೈಲಿಗೆ ಬೇರೆ ದುಡ್ಡು ಕೊಡದೆ ಡ್ರೆಸ್ಡನ್ ಆಚೆ ಬಾಸ್ಟೈ ಬಂಡೆಗಳನ್ನೂ ನೋಡಿ ಬಂದರು. "ದುರ್ಗದ ಬಂಡೆ ಮುಂದೆ ಏನಿಲ್ಲ ಬಿಡಿ" ಅಂತ ಫೋಟೊ ಕಳಿಸಿದ.

ದುಡ್ಡಿನ ವಿಷಯಕ್ಕೆ ಕಾಗದ ಪೆನ್ನು ಹಿಡಿಸಿದೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆಯಲ್ಲಿ, ಅಪ್ಪ 11,904 ಯೂರೋ ಇಟ್ಟಿದ್ದರು, ಅಡಿಕೆ ತೋಟದ ಮೇಲೆ ಸಾಲ ತೆಗೆದು. ತಿಂಗಳಿಗೆ 992 ಯೂರೋ ಕೈಗೆ ಬರುತ್ತದೆ. ಆ ಸಾಲದ ಚಿಂತೆಯಲ್ಲಿ ಶನಿವಾರ, ಭಾನುವಾರ ಎರಡೂ ರಾತ್ರಿ ಗೋದಾಮಿನಲ್ಲಿ ಪಾರ್ಸೆಲ್ ಎತ್ತುವ ಕೆಲಸಕ್ಕೆ ಹೋಗುತ್ತಿದ್ದ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ತಿ ದಿನ ಕೆಲಸಕ್ಕೆ ಅನುಮತಿಯಿದೆ, ಕಾನೂನಿನ ತೊಡಕೇನಿರಲಿಲ್ಲ. ಭಾನುವಾರ ರಾತ್ರಿ ದುಡಿದವನು ಸೋಮವಾರ ಕ್ಲಾಸಿಗೆ ಹೋಗುವುದು ಹೇಗೆ? 2025ರ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಎಂಟು ಗಂಟೆಗೆ ಸುಮಾರು 102.5 ಯೂರೋ. ಸೆಮಿಸ್ಟರಿನ 20 ಭಾನುವಾರ ದುಡಿದರೂ 2,050ರ ಆಸುಪಾಸು. ಫೇಲಾಗಿ ಒಂದು ಸೆಮಿಸ್ಟರ್ ಹೆಚ್ಚಿಗೆ ಇರಬೇಕಾದರೆ ಆರು ತಿಂಗಳ ಖರ್ಚು 5,952 ಯೂರೋ. ಲೆಕ್ಕ ಅವನೇ ಬರೆದ, ಅವನೇ ಭಾನುವಾರದ ಶಿಫ್ಟ್ ಬಿಟ್ಟ. ಶನಿವಾರದ್ದು ಬಿಡು ಅಂತ ನಾನು ಹೇಳಲಿಲ್ಲ. ಮನೆಗೆ ಭಾರವಾಗಿದ್ದೇನೆ ಅನ್ನುವ ಸಂಕಟಕ್ಕೆ ಆ ಸಂಪಾದನೆಯೂ ಒಂದು ಔಷಧ.

ಫೇಲಾಗಿದ್ದನ್ನು ಮನೆಗೆ ಹೇಳುವುದೇ ಕೊನೆಗೆ ಉಳಿದಿತ್ತು. ಅಮ್ಮನಿಗಿಂತ ಮೊದಲು ಅಪ್ಪನಿಗೆ ಹೇಳುತ್ತೇನೆ ಅಂದ. ಹೇಗೆ ಶುರು ಮಾಡಬೇಕು ಅಂತ ನನ್ನ ಜೊತೆ ಒಮ್ಮೆ ಮಾತಾಡಿ ನೋಡಿದ. ಸಮಜಾಯಿಷಿ ಕೊಡಬೇಡ, ಏನಾಯಿತು, ಇನ್ನೆಷ್ಟು ಅವಕಾಶ ಇದೆ, ಈಗ ಏನು ಮಾಡುತ್ತಿದ್ದೀಯ, ಇಷ್ಟು ಹೇಳಿ ನಿಲ್ಲಿಸು ಅಂದೆ. ಏಪ್ರಿಲ್‌ನಲ್ಲಿ ಹೇಳಿದ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಫೋನ್ ಮಾಡಿ, ಜುಲೈ ಪರೀಕ್ಷೆ ಯಾವ ತಾರೀಕು ಅಂತ ಕೇಳಿದರು.

ಜುಲೈನಲ್ಲಿ ಬಾಕಿಯಿದ್ದ ಎರಡರಲ್ಲಿ ಒಂದು 2.7ರಲ್ಲಿ ಪಾಸಾಯಿತು. ಇನ್ನೊಂದಕ್ಕೆ ತಯಾರಿ ಸಾಲದು ಅಂತ ಗಡುವಿನೊಳಗೇ ಹೆಸರು ಹಿಂದಕ್ಕೆ ಪಡೆದ. ಅವನ ವಿಶ್ವವಿದ್ಯಾಲಯದಲ್ಲಿ ಹಾಗೆ ಮಾಡಿದರೆ ಒಂದು ಅವಕಾಶ ಉಳಿಯುತ್ತದೆ. ಗೌರಿ ಗಣೇಶ ಹಬ್ಬದ ದಿನ ಮತ್ತೆ ಅತ್ತಿದ್ದಾನೆ, ಅವತ್ತು ರಾತ್ರಿ ಎರಡಕ್ಕೆ ಅಮ್ಮನಿಗೆ ಕಾಲ್ ಕೂಡ ಮಾಡಿದ್ದಾನೆ. ಹಬ್ಬಕ್ಕೆ ಅಷ್ಟು ಪರವಾಗಿಲ್ಲ ಅಂದೆ. ಮರುದಿನ ಎಂಟೂವರೆಗೆ ಟ್ರಾಮಿನಲ್ಲಿದ್ದನಂತೆ. ಈಗ ನಾವು ಮಾತಾಡುತ್ತಿರುವುದು ನವೆಂಬರಿನ ಬಗ್ಗೆ. ಕತ್ತಲು ಬೇಗ ಆಗುವ ಆ ತಿಂಗಳುಗಳಿಗೆ ಬೆಳಗಿನ ಕ್ಲಾಸುಗಳನ್ನೇ ಆರಿಸಿಕೊಂಡಿದ್ದಾನೆ. ವಾಲಿಬಾಲ್‌ಗೆ ಎರಡು ಸಂಜೆ. ಡಿಸೆಂಬರ್ ರಜೆಗೆ ಊರಿಗೆ ಬರಬೇಕೋ, ಫೆಬ್ರವರಿ ಪರೀಕ್ಷೆ ಮುಗಿಸಿ ಬರಬೇಕೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಟಿಕೆಟ್ ದರ ನೋಡಿ ಹೇಳ್ತೀನಿ ಅಂದಿದ್ದಾನೆ.